ಖಾಲಿ ಮೇಡಂ ಸಹಿ ಕಳೆದುಕೊಂಡದ್ದು

ನನ್ನ ನಾದಿನಿಯನ್ನು ಲ್ಯಾಬಿನಲ್ಲಿ ಎಲ್ಲರೂ ಖಾಲಿ ಮೇಡಂ ಅಂತಲೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ಪರೀಕ್ಷೆಗೆ ಹತ್ತು ಟ್ಯೂಬು ಜೋಡಿಸಿದರೆ ಹನ್ನೊಂದನೆಯದಕ್ಕೆ ಮಾದರಿ ಹಾಕದೆ ಬರೀ ನೀರು ಬಿಟ್ಟು ಇಡುವುದು ಅವಳ ಪದ್ಧತಿ. ಅದಕ್ಕೆ ಖಾಲಿ ಟ್ಯೂಬು ಅನ್ನುತ್ತಾರೆ. ಅದರಲ್ಲಿ ಏನೂ ಕಾಣಬಾರದು. ಕಂಡರೆ ನಮ್ಮ ಕೋಣೆಯಲ್ಲೇ ಎಲ್ಲೋ ಕೊಳೆ ಸೇರಿದೆ ಅಂತ ಅರ್ಥ, ಆವತ್ತಿನ ಅಷ್ಟೂ ಪರೀಕ್ಷೆ ರದ್ದು. ಆ ಖಾಲಿ ಟ್ಯೂಬಿನ ಮೇಲೆ ಅವಳಿಗಿದ್ದ ನಂಬಿಕೆ ಒಡಹುಟ್ಟಿದ ಅಣ್ಣನ ಮೇಲೂ ಇರಲಿಲ್ಲ. ಆ ಅಣ್ಣ ನನ್ನ ಗಂಡ, ಆದ್ದರಿಂದ ಈ ಮಾತು ಹೇಳುವುದಕ್ಕೆ ನನಗೆ ಅಧಿಕಾರವಿದೆ.

ನನಗಿಂತ ಎರಡೇ ವರ್ಷ ಚಿಕ್ಕವಳು. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅವಳು ಲ್ಯಾಬ್ ಡಿಪ್ಲೊಮಾ ಓದುತ್ತಿದ್ದಳು. ನಾನೋ ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ಬಂದ ಮೂರನೇ ದಿನವೇ ಅವಳು ಅಡುಗೆಮನೆಗೆ ಬಂದು ನಾನು ತೊಳೆದಿಟ್ಟ ಲೋಟವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದಳು.

"ಏನು ನೋಡ್ತೀಯೇ?" ಅಂದೆ.

"ಎಷ್ಟು ಚೆನ್ನಾಗಿ ತೊಳೀತೀಯಾ ಅಂತ, ಅತ್ತಿಗೆ. ನಮ್ಮ ಕಾಲೇಜಿನಲ್ಲಿ ಯಾರಿಗೂ ಹೀಗೆ ಬರಲ್ಲ."

ಹೊಗಳಿದಳೋ ಕೆಣಕಿದಳೋ ಇವತ್ತಿಗೂ ಗೊತ್ತಿಲ್ಲ.

ಅವಳು ಮದುವೆ ಬೇಡವೆನ್ನಲಿಲ್ಲ, ಆಗಲೂ ಇಲ್ಲ. ಬಂದ ಗಂಡುಗಳಲ್ಲೆಲ್ಲ ಒಂದೊಂದು ಕುಂದು ಹುಡುಕಿದಳು. ಒಬ್ಬ ಮಾತಿನ ಮಧ್ಯೆ ಕಿವಿಗೆ ಬೆರಳು ಹಾಕಿದ, ಇನ್ನೊಬ್ಬ ಅದೇ ಬೆರಳಲ್ಲಿ ಬಿಸ್ಕತ್ತು ತೆಗೆದುಕೊಂಡ. "ಮಾದರಿ ತಿರಸ್ಕರಿಸೋದೇ ನಿನ್ನ ಕೆಲಸ ಆಗ್ಹೋಯ್ತಲ್ಲೇ" ಅಂತ ಅವಳಣ್ಣ ರೇಗಿಸುತ್ತಿದ್ದರು. "ನಿನ್ನನ್ನೂ ಪಾಸು ಮಾಡಿರ್ಲಿಲ್ಲ ಅಣ್ಣ, ಅತ್ತಿಗೆಗೆ ಪರೀಕ್ಷೆ ಮಾಡೋಕೆ ಗೊತ್ತಾಗ್ಲಿಲ್ಲ ಅಷ್ಟೇ" ಅನ್ನುವಳು.

ನನ್ನ ಗಂಡ ತೀರಿಕೊಂಡಾಗ ಮಗಳಿಗೆ ಹನ್ನೊಂದು ವರ್ಷ. ತಿಂಗಳು ತುಂಬುವ ಮೊದಲೇ ನಾದಿನಿ ನನ್ನ ಕೈ ಹಿಡಿದು ಲ್ಯಾಬಿಗೆ ಕರೆದುಕೊಂಡು ಹೋಗಿ ಗಾಜಿನ ಸಾಮಾನು ತೊಳೆಯುವ ಕೆಲಸ ಕೊಡಿಸಿದಳು. ಅವಳು ನನ್ನನ್ನು ಅತ್ತಿಗೆ ಅನ್ನುವುದು ಕೇಳಿ ಕೇಳಿ, ಮೇಲಿನ ಸಾಹೇಬರಿಂದ ಹಿಡಿದು ಗೇಟಿನವನ ತನಕ ಎಲ್ಲರಿಗೂ ಅತ್ತಿಗೆಯೇ ಆದೆ.

ಟೈರು ಅಂಗಡಿಯ ಪಕ್ಕದಲ್ಲಿ ಎರಡಂತಸ್ತಿನ ಕಟ್ಟಡ. ಕೆಳಗೆ ತೊಳೆಯುವ ಕೋಣೆ, ಎರಡು ಕಲ್ಲಿನ ತೊಟ್ಟಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಒಂದು ಪಾತ್ರೆ, ಸದಾ ಸೋಪಿನ ಹಬೆ. ಮೇಲೆ ಹೋದರೆ ಉದ್ದನೆಯ ಪಡಸಾಲೆ. ಅದರ ಈ ತುದಿಗೆ ಮುಂದಿನ ಕೋಣೆ, ಆ ತುದಿಗೆ ಹಿಂದಿನ ಕೋಣೆ. ನಾದಿನಿಯ ಜೀವನವೆಲ್ಲ ಆ ಎರಡು ಕೋಣೆಗಳಲ್ಲಿ ಕಳೆಯಿತು.

ಅವಳ ಕೆಲಸವನ್ನು ಅವಳೇ ನನಗೆ ಬಿಡಿಸಿ ಹೇಳಿದ್ದಳು. ಒಂದು ದಿನ ಟೀ ಹೊತ್ತಿಗೆ ಬ್ರೆಡ್ಡಿನ ಹೋಳನ್ನು ಅದುಮಿ, "ನಾಲ್ಕು ದಿನದ್ದು, ಇನ್ನೂ ಮೆತ್ತಗಿದೆಯಲ್ಲ, ಯಾರ ಪುಣ್ಯ ಹೇಳು?" ಅಂದಳು.

"ಬೇಕರಿಯವನ ಪುಣ್ಯ."

"ಅಲ್ಲ, ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿಯ ಪುಣ್ಯ."

ಬ್ರೆಡ್ ಹಿಟ್ಟಿಗೆ ಚಿಟಿಕೆ ಎಂಜೈಮ್ ಪುಡಿ ಬೆರೆಸುತ್ತಾರಂತೆ. ಆ ಎಂಜೈಮನ್ನು ದೊಡ್ಡ ದೊಡ್ಡ ಹಂಡೆಗಳಲ್ಲಿ ಸೂಕ್ಷ್ಮಜೀವಿಗಳು ತಯಾರು ಮಾಡುತ್ತವೆ. ಕೆಲಸ ಮುಗಿದ ಮೇಲೆ ಜೀವಿಗಳನ್ನು ಸೋಸಿ ತೆಗೆದು, ಎಂಜೈಮನ್ನಷ್ಟೇ ಒಣಗಿಸಿ ಪುಡಿ ಮಾಡುತ್ತಾರೆ. ಕೆಲವು ಕಾರ್ಖಾನೆಯವರು ಹೆಚ್ಚು ಬರಲಿ ಅಂತ ಬೇರೆ ಜೀವಿಯ ಜೀನಿನ ತುಂಡು ತಂದು ಇದಕ್ಕೆ ಸೇರಿಸುತ್ತಾರೆ. ಅದೇ ಕುಲಾಂತರಿ. ಸೇರಿತೋ ಇಲ್ಲವೋ ತಿಳಿಯಲು ಗುರುತಿಗೆ ಇನ್ನೊಂದು ತುಂಡನ್ನೂ ಹಾಕುತ್ತಾರೆ, ರೋಗದ ಔಷಧಿಗೂ ಜೀವಿ ಸಾಯದಂತೆ ಮಾಡುವ ತುಂಡು. ಅನುಮತಿಯಿಲ್ಲದ ಅಂಥ ಜೀವಿ ಪುಡಿಯಲ್ಲಿ ಉಳಿದರೆ, ಆ ಗುಣ ನಮ್ಮ ಹೊಟ್ಟೆಯ ಕ್ರಿಮಿಗಳಿಗೆ ದಾಟಿದರೆ, ನಾಳೆ ಜ್ವರಕ್ಕೆ ಕೊಟ್ಟ ಮಾತ್ರೆ ನಾಟದೆ ಹೋಗಬಹುದು. ಪುಡಿಯಲ್ಲಿ ಆ ತುಂಡು ಇದೆಯೋ ಇಲ್ಲವೋ ಹುಡುಕುವುದೇ ನಾದಿನಿಯ ಕೆಲಸ.

"ಅಷ್ಟು ಸಣ್ಣದು ಹೆಂಗೆ ಕಾಣುತ್ತೇ?"

"ಕಾಣಲ್ಲ. ಅದಕ್ಕೇ ಅದನ್ನ ಕಾಪಿ ಮಾಡ್ತೀವಿ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಎರಡು ಗಂಟೆ ಕಳೆದ್ರೆ ಕೋಟಿ ಕೋಟಿ. ಆಮೇಲೆ ಗೆರೆಯಾಗಿ ಕಾಣುತ್ತೆ."

ಮುಂದಿನ ಕೋಣೆಯಲ್ಲಿ ಪುಡಿಯನ್ನು ಟ್ಯೂಬಿಗೆ ಹಾಕಿ, ಖಾಲಿ ಟ್ಯೂಬೂ ಸೇರಿ ಎಲ್ಲದಕ್ಕೂ ಕಾಪಿ ಮಾಡುವ ಮಿಕ್ಸ್ ಬೆರೆಸುವುದು. ಹಿಂದಿನ ಕೋಣೆಯಲ್ಲಿ ಮಷೀನಿಗಿಟ್ಟು, ಆಮೇಲೆ ಮುಚ್ಚಳ ತೆಗೆದು ಗೆರೆ ನೋಡುವುದು. ಮುಚ್ಚಳ ತೆಗೆದಾಗ ಆ ಕೋಟಿಯಲ್ಲಿ ಸಾವಿರಾರು ಗಾಳಿಗೆ ಹಾರುತ್ತವೆ, ಹೊಗೆಯಂತೆ ಎಲ್ಲೆಂದರಲ್ಲಿ ಕೂರುತ್ತವೆ. ಅದಕ್ಕಾಗಿ ಮುಂದಿನಿಂದ ಹಿಂದಕ್ಕೆ ಸಾಮಾನು ಹೋಗಬಹುದು, ಹಿಂದಿನಿಂದ ಮುಂದಕ್ಕೆ ಬರುವ ಹಾಗಿಲ್ಲ. ಮುಂದೆ ಬಿಳಿ ಕೋಟು, ಹಿಂದೆ ನೀಲಿ ಕೋಟು. ಅಲ್ಲಿನ ಪೆನ್ನು ಅಲ್ಲಿಗೆ, ಇಲ್ಲಿನ ಪೆನ್ನು ಇಲ್ಲಿಗೆ. "ಎರಡು ಮನೆ ಸಂಸಾರ ಮಾಡೋ ಗಂಡಸರ ಥರ ಆಯ್ತು ನಿಂದು" ಅಂತ ನಾನು ನಗಾಡುತ್ತಿದ್ದೆ.

ಪರೀಕ್ಷೆ ಮಾಡುವವರು ಎಂಟು ಜನ ಇದ್ದರೂ ವರದಿಗೆ ಸಹಿ ಹಾಕುವ ಅಧಿಕಾರ ಮೂವರಿಗೆ ಮಾತ್ರ. ನಾದಿನಿಗೆ ಡಿಗ್ರಿ ಇರಲಿಲ್ಲ. ನಿನ್ನೆ ಮೊನ್ನೆ ಬಂದವರು ಅವಳ ಕೈಯಲ್ಲಿ ಕೆಲಸ ಕಲಿತು, ಅವಳು ಮಾಡಿದ ಪರೀಕ್ಷೆಗೆ ತಾವು ಸಹಿ ಹಾಕುತ್ತಿದ್ದರು. ಹತ್ತೊಂಬತ್ತನೇ ವರ್ಷ ಅವಳಿಗೆ ಸಹಿ ಸಿಕ್ಕಿತು. ಆವತ್ತು ಮನೆಗೆ ಬಂದವಳೇ ಹಳೇ ಕ್ಯಾಲೆಂಡರ್ ಹಾಳೆ ತಿರುವಿ ಅದರ ಹಿಂದೆ ಇಪ್ಪತ್ತು ಸಲ ಸಹಿ ಹಾಕಿದಳು. ಅಷ್ಟು ವರ್ಷದಲ್ಲಿ ಅವಳ ಮುಖ ಹಾಗೆ ಅರಳಿದ್ದು ನಾನು ಕಂಡಿರಲಿಲ್ಲ. "ಮದುವೆ ಕಾಗದಕ್ಕೂ ಇಷ್ಟು ಪ್ರಾಕ್ಟೀಸ್ ಮಾಡ್ತಿರ್ಲಿಲ್ಲ ನೀನು" ಅಂದೆ. "ಅದು ಒಂದೇ ಸಲ ಹಾಕೋದು ಅತ್ತಿಗೆ, ಇದು ದಿನಾ" ಅಂದಳು.

ಆರು ವರ್ಷ ದಿನಾ ಹಾಕಿದಳು.

ಇನ್ನು ಮುಂದಿನದು ಬರೆಯುವುದಕ್ಕೆ ಕೈ ಬರುವುದಿಲ್ಲ. ಆದರೂ ಬರೆಯಲೇಬೇಕು.

ಅವಳಿಗೆ ನಾನು ಎರಡು ಸ್ವೆಟರ್ ಹೆಣೆದು ಕೊಟ್ಟಿದ್ದೆ. ಒಂದೇ ಅಂಗಡಿಯ ಬೂದು ಉಲ್ಲನ್, ಒಂದೇ ಅಳತೆ. ಮುಂದಿನ ಕೋಣೆಯಲ್ಲಿ ಮಿಕ್ಸ್ ಕೆಡಬಾರದೆಂದು ಏಸಿ ಹಾಕಿ ಕೊರೆಯುವಂತೆ ಇಡುತ್ತಿದ್ದರು, ಅಲ್ಲಿಗೆ ಒಂದು. ಹಿಂದಿನ ಕೋಣೆಯಲ್ಲೂ ಬೆಳಿಗ್ಗೆ ಮಷೀನು ಬಿಸಿಯಾಗುವ ತನಕ ಚಳಿಯೇ, ಅಲ್ಲಿಗೆ ಇನ್ನೊಂದು. ಮುಂದಿನ ಕೋಣೆಯದರ ಗುಂಡಿ ಕಿತ್ತುಹೋಗಿತ್ತು. ಹಾಕಿ ಕೊಡು ಅಂತ ಬುಧವಾರ ನನ್ನ ಚೀಲಕ್ಕೆ ತುರುಕಿದ್ದಳು. ನಾನು ಮನೆಯಲ್ಲೇ ಮರೆತು ಬಂದೆ.

ಗುರುವಾರ ಬೆಳಿಗ್ಗೆ ಹನ್ನೊಂದರ ಟೀ ಆದ ಮೇಲೆ, ತೊಳೆದ ಗಾಜಿನ ಟ್ರೇ ಕೊಡಲು ಮುಂದಿನ ಕೋಣೆಗೆ ಹೋದೆ. ಅವಳು ಕೈಯುಜ್ಜಿಕೊಳ್ಳುತ್ತಾ ಕೂತಿದ್ದಳು, ತುಟಿ ನೀಲಿಯಾಗಿತ್ತು. ಬೇಕರಿಯೊಂದರಿಂದ ಇನ್‌ಸ್ಪೆಕ್ಟರ್ ತಂದ ಎಂಜೈಮ್ ಪುಡಿ ಅವಳ ಮುಂದಿತ್ತು. ಸಣ್ಣ ಪೊಟ್ಟಣ, ಒಂದು ಚಮಚ ಆದರೆ ಹೆಚ್ಚು. ಅದರ ಜೊತೆ ತಂದ ಇನ್ನೊಂದು ಪೊಟ್ಟಣಕ್ಕೆ ಅರಗು ಹಾಕಿ ಬೀರುವಿನಲ್ಲಿ ಇಟ್ಟಿದ್ದರು. ಕಾರ್ಖಾನೆಯವರು ವರದಿಗೆ ತಕರಾರು ತೆಗೆದರೆ ಮಾತ್ರ ಅದನ್ನು ಒಡೆಯಬಹುದು, ನಮ್ಮವರು ಮುಟ್ಟುವ ಹಾಗಿಲ್ಲ.

ನನಗೆ ಪಾಪ ಅನ್ನಿಸಿತು. ಪಡಸಾಲೆಯ ಆ ತುದಿಗೆ ಹೋದೆ. ಹಿಂದಿನ ಕೋಣೆಯ ಬಾಗಿಲ ಪಕ್ಕದ ಕುರ್ಚಿಯ ಮೇಲೆ ಸ್ವೆಟರ್ ಇತ್ತು. ತಂದು ಅವಳ ಹೆಗಲ ಮೇಲೆ ಹಾಕಿದೆ. ಪೆನ್ನು ತರಬಾರದು, ಕೋಟು ತರಬಾರದು, ಪೆಟ್ಟಿಗೆ ತರಬಾರದು, ಎಲ್ಲ ನನಗೆ ಬಾಯಿಪಾಠ. ಆದರೆ ಅವೆಲ್ಲ ಲ್ಯಾಬಿನ ಸಾಮಾನು. ಸ್ವೆಟರ್ ಮನೆಯದು, ನನ್ನ ಕೈಯಲ್ಲಿ ಹೆಣೆದದ್ದು. ಅದು ಸಾಮಾನು ಅಂತ ನನಗೆ ಹೊಳೆಯಲೇ ಇಲ್ಲ.

ಅವಳು ತಲೆ ಎತ್ತದೆ, "ಗುಂಡಿ ಹಾಕಿದ್ಯಾ ಅತ್ತಿಗೆ?" ಅಂದಳು.

ಹೂಂ ಅಂದುಬಿಟ್ಟೆ. ಮರೆತೆ ಅಂದರೆ ಬೈಯುತ್ತಾಳೆ ಅಂತ.

ಅವಳು ತೊಟ್ಟುಕೊಂಡು ಮೇಲೆ ಬಿಳಿ ಕೋಟು ಹಾಕಿದಳು. ಸ್ವೆಟರಿನ ತೋಳು ಕೋಟಿನ ತೋಳಿಗಿಂತ ಎರಡು ಬೆರಳು ಉದ್ದ. ಅಳತೆ ತಪ್ಪಿದ್ದೂ ನನ್ನದೇ. ಆ ತೋಳು ಟ್ಯೂಬುಗಳ ಮೇಲೆ ಆಡಿತು.

ಸಾಯಂಕಾಲ ಗೆರೆ ನೋಡಿದಾಗ ಪುಡಿಯ ಟ್ಯೂಬುಗಳಲ್ಲೂ ಗೆರೆ, ಖಾಲಿ ಟ್ಯೂಬಿನಲ್ಲೂ ಗೆರೆ.

ಮನೆಗೆ ಬಂದು ಊಟ ಮುಟ್ಟಲಿಲ್ಲ. ಶುಕ್ರವಾರ ಮೇಜೆಲ್ಲ ಬ್ಲೀಚಿನಲ್ಲಿ ಒರೆಸಿ ಮತ್ತೆ ಮಾಡಿದಳು, ಮತ್ತೆ ಗೆರೆ. ಸೋಮವಾರ ಹೊಸ ನೀರು, ಹೊಸ ಟ್ಯೂಬು. ಮತ್ತೆ ಗೆರೆ. ಸ್ವೆಟರ್ ಮಾತ್ರ ಅವಳ ಮೈಮೇಲೇ ಇತ್ತು. ಹಿಂದಿನ ಕೋಣೆಯದನ್ನು ನಾನು ಒಗೆಯಲು ಒಯ್ದಿದ್ದೇನೆ ಅಂದುಕೊಂಡಿದ್ದಳು. ಪ್ರತಿ ಸಲವೂ ಪೊಟ್ಟಣದಿಂದ ಒಂದಿಷ್ಟು ಪುಡಿ ಹೋಗುತ್ತಿತ್ತು. ಪುಡಿಯಲ್ಲಿ ಜೀವಿ ಬದುಕಿದೆಯೋ ನೋಡಲು ಔಷಧಿ ಬೆರೆಸಿದ ತಟ್ಟೆಯ ಮೇಲೆ ಹರಡಿ ಬೆಳೆಸುವ ಇನ್ನೊಂದು ಪರೀಕ್ಷೆಯೂ ಇತ್ತು. ಅದನ್ನು ಮೊದಲೇ ಮಾಡಬಹುದಿತ್ತು. ಖಾಲಿ ಟ್ಯೂಬು ಸರಿಹೋಗಲಿ, ಆಮೇಲೆ ತಟ್ಟೆ ಅಂದುಕೊಂಡಳು. ಮೂರನೇ ಸಲಕ್ಕೆ ಪೊಟ್ಟಣ ಬರಿದಾಯಿತು.

ಮಂಗಳವಾರ ಬೆಳಿಗ್ಗೆ ಎಲ್ಲರನ್ನೂ ಪಡಸಾಲೆಯಲ್ಲಿ ನಿಲ್ಲಿಸಿದಳು. "ಹಿಂದಿನ ಕೋಣೆಯಿಂದ ಯಾರಾದ್ರೂ ಏನಾದ್ರೂ ತಂದಿದ್ರೆ ಈಗ್ಲೇ ಹೇಳಿ. ಪೆನ್ನು, ಚಪ್ಪಲಿ, ಕರ್ಚೀಫು, ಮೈಮೇಲಿನ ಬಟ್ಟೆ, ಯಾವುದಾದ್ರೂ ಸರಿ. ಬೈಯಲ್ಲ."

"ಖಾಲಿ ಮೇಡಂ ಬೈಯಲ್ವಂತೆ, ಬರೆದಿಟ್ಕೊಳ್ರಪ್ಪ" ಅಂತ ಯಾರೋ ಅಂದರು, ಎಲ್ಲರೂ ನಕ್ಕರು. ಅವಳೂ ನಕ್ಕಳು.

ಬಟ್ಟೆ ಅಂದಾಗ ನನಗೆ ಆ ಸ್ವೆಟರ್ ನೆನಪಾಯಿತು. ಬಾಯಿ ತೆರೆಯಲಿಲ್ಲ. ಸಂಬಂಧಿಕರನ್ನು ಕೆಲಸಕ್ಕೆ ಸೇರಿಸಿದಳು, ಅವರಿಂದ ಕೆಟ್ಟಿತು ಅಂತ ಅವಳ ಮುಖಕ್ಕೇ ಅಂದರೆ? ನನ್ನ ಕೆಲಸ ಹೋದರೆ? ಮಗಳು ನರ್ಸಿಂಗ್ ಓದುತ್ತಿದ್ದಳು. ಇಷ್ಟೆಲ್ಲ ಯೋಚಿಸಿದೆ ಅಂತ ಈಗ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅಷ್ಟು ಜನರ ಎದುರು ನಾಚಿಕೆಯಾಯಿತು, ಅಷ್ಟೇ.

ಆವತ್ತು ಅವಳು ಟೀಗೆ ಹೋದಾಗ ಆ ಸ್ವೆಟರನ್ನು ಚೀಲಕ್ಕೆ ತುರುಕಿಕೊಂಡೆ. ಮನೆಯಲ್ಲಿ ಎರಡು ಸಲ ಕುದಿಸಿದೆ. ಇನ್ನೊಂದಕ್ಕೆ ಗುಂಡಿ ಹಾಕಿ, ಒಗೆದು, ಬುಧವಾರ ಮುಂದಿನ ಕೋಣೆಯಲ್ಲಿಟ್ಟೆ, ಕುದಿಸಿದ್ದನ್ನು ಹಿಂದಿನ ಕೋಣೆಯ ಕುರ್ಚಿಗೆ ಹಾಕಿದೆ. ಅದೇ ಬುಧವಾರ ಅವಳು ಮಿಕ್ಸಿನ ಹೊಸ ಬಾಟಲಿ ಒಡೆದಳು. ಖಾಲಿ ಟ್ಯೂಬು ಶುದ್ಧವಾಗಿ ಬಂತು. ಮೆಟ್ಟಿಲು ಹಾರಿಕೊಂಡು ಕೆಳಗೆ ಬಂದು ನನ್ನ ಒದ್ದೆ ಕೈ ಹಿಡಿದುಕೊಂಡಳು.

"ಸಿಕ್ಕಿಬಿದ್ದ ಕಳ್ಳ, ಅತ್ತಿಗೆ! ಹಳೇ ಬಾಟಲೀದೇ ಕಿತಾಪತಿ. ಈ ಕಾಪಿ ಮಾಡೋ ಮಿಕ್ಸ್ ಇದೆಯಲ್ಲ, ಅದನ್ನೂ ಕುಲಾಂತರಿ ಜೀವಿಗಳಿಂದ್ಲೇ ಮಾಡೋದು. ಅದರ ತುಂಡೇ ಅದರಲ್ಲಿ ಉಳಿದಿರುತ್ತೆ. ಕಳ್ಳನ್ನ ಹಿಡಿಯೋಕೆ ಕಳ್ಳನ ತಮ್ಮನ್ನೇ ಕಾವಲಿಗೆ ಹಾಕಿದ್ವಿ ನೋಡು!"

ಹಾಗೆ ಆಗುವುದು ಸುಳ್ಳಲ್ಲ, ಬೇರೆ ಕಡೆ ಆಗಿದೆಯಂತೆ. ಅದಕ್ಕೇ ಅವಳು ನಂಬಿದಳು. ಸದ್ಯ, ಸರಿಹೋಯಿತಲ್ಲ ಅಂದುಕೊಂಡು ನಾನು ಸುಮ್ಮನಾದೆ.

ಪುಡಿ ಬರಿದಾಗಿತ್ತು. ಇನ್‌ಸ್ಪೆಕ್ಟರ್ ಬೇರೆ ಪೊಟ್ಟಣ ತಂದರು. ಅಷ್ಟರಲ್ಲಿ ಬೇಕರಿಗೆ ಹೊಸ ಚೀಲ ಬಂದಿತ್ತು, ಇದು ಆ ಹೊಸ ಚೀಲದ್ದು. ಅದರಲ್ಲಿ ಗೆರೆ ಬರಲಿಲ್ಲ, ತಟ್ಟೆಯಲ್ಲೂ ಏನೂ ಬೆಳೆಯಲಿಲ್ಲ. ಕುಲಾಂತರಿ ಕಂಡುಬಂದಿಲ್ಲ ಅಂತ ಬರೆದು ಸಹಿ ಹಾಕಿದಳು. ಹಳೆಯ ಪೊಟ್ಟಣದ ಬಗ್ಗೆ, ಮಿಕ್ಸಿನ ದೋಷದಿಂದ ಪರೀಕ್ಷೆ ರದ್ದಾಗಿದೆ ಅಂತ ಬೇರೆ ಹಾಳೆಯಲ್ಲಿ ಬರೆದಳು. ಮಿಕ್ಸ್ ಕಂಪನಿಗೂ ಖಾರವಾಗಿ ಒಂದು ಪತ್ರ ಬರೆದಳು. ಎಂಜೈಮ್ ಕಾರ್ಖಾನೆಯವರು ಮೊದಲನೇ ಹಾಳೆಯನ್ನಷ್ಟೇ ಎಲ್ಲರಿಗೂ ತೋರಿಸಿ ಹಳೇ ಚೀಲಗಳನ್ನೂ ಮಾರಿದರು. ವರದಿಗೆ ಯಾರೂ ತಕರಾರು ತೆಗೆಯಲಿಲ್ಲ. ಅರಗು ಹಾಕಿದ ಪೊಟ್ಟಣವನ್ನು ಅವಧಿ ಮುಗಿದ ದಿನ ಸುಟ್ಟರು.

ನಾಲ್ಕು ತಿಂಗಳಾದ ಮೇಲೆ ಇನ್ನೊಂದು ಲ್ಯಾಬಿನವರು ಆ ಹಳೇ ಚೀಲದ ಪುಡಿಯಲ್ಲಿ ಕುಲಾಂತರಿ ಜೀವಿಯನ್ನು ಪತ್ತೆ ಮಾಡಿದರು. ತುಂಡಲ್ಲ, ಇಡೀ ಜೀವಿ. ತಟ್ಟೆಯ ಮೇಲೆ ಔಷಧಿಯ ಮಧ್ಯೆಯೇ ಸೊಂಪಾಗಿ ಬೆಳೆದಿತ್ತಂತೆ. ಉಳಿದ ಚೀಲಗಳನ್ನು ವಾಪಸ್ ತರಿಸಿದರು. "ತಿಂದಾಗಿರೋದನ್ನ ಹೆಂಗೆ ವಾಪಸ್ ತರಿಸ್ತಾರೆ ಅತ್ತಿಗೆ?" ಅಂತ ಕೇಳಿದಳು. ಯಾರಿಗಾದರೂ ಅದರಿಂದ ಕಾಯಿಲೆಯಾಯಿತು ಅಂತ ಸುದ್ದಿ ಬರಲಿಲ್ಲ. ಆದರೆ ಅದು ಸುದ್ದಿಯಾಗಿ ಬರುವಂಥದ್ದೂ ಅಲ್ಲ.

ವಿಚಾರಣೆಯಲ್ಲಿ ಸಾಹೇಬರು ಅವಳನ್ನು ಕಾರಣ ಕೇಳಿದರು. ಬಾಟಲಿ ಅಂದಳು. ಮಿಕ್ಸ್ ಕಂಪನಿಯವರು ಅದೇ ಬ್ಯಾಚಿನ ಬಾಟಲಿಗಳನ್ನು ಮೂರು ಕಡೆ ಪರೀಕ್ಷೆ ಮಾಡಿಸಿ ತಂದರು. ಒಂದರಲ್ಲೂ ಆ ತುಂಡಿರಲಿಲ್ಲ. ಪುಡಿಯ ದೋಷ ಕಣ್ತಪ್ಪಿದ್ದಕ್ಕೆ ಸಾಹೇಬರು ಅವಳನ್ನು ಕ್ಷಮಿಸುತ್ತಿದ್ದರೋ ಏನೋ. ಆದರೆ ತನ್ನ ತಪ್ಪು ಮುಚ್ಚಲು ನಿರ್ದೋಷಿಗಳ ಮೇಲೆ ಹಾಕಿದಳು ಅಂತ ಬರೆದರು. ಸಹಿಯ ಅಧಿಕಾರ ಕಿತ್ತುಕೊಂಡರು.

ಅಷ್ಟು ದಿನವೂ ನಾನು ಕೆಳಗೆ ತೊಟ್ಟಿಯ ಮುಂದೆ ನಿಂತು ಗಾಜು ತೊಳೆಯುತ್ತಿದ್ದೆ. ಮೆಟ್ಟಿಲು ಹತ್ತಿದರೆ ಹದಿನೆಂಟೇ ಮೆಟ್ಟಿಲು.

ಏಳು ವರ್ಷ ಸಹಿ ಇಲ್ಲದೆ ದುಡಿದಳು. ಅವಳೇ ಕೆಲಸ ಕಲಿಸಿದ ಒಬ್ಬ ಹುಡುಗಿ ಅವಳ ಪರೀಕ್ಷೆಗೆ ಸಹಿ ಹಾಕುತ್ತಿದ್ದಳು. "ಇಲ್ಲಿ ಹಾಕಮ್ಮ" ಅಂತ ನಾದಿನಿಯೇ ಬೆರಳಿಟ್ಟು ಜಾಗ ತೋರಿಸುತ್ತಿದ್ದಳು. ಖಾಲಿ ಮೇಡಂ ಅಂತ ಈಗ ಬೆನ್ನ ಹಿಂದೆ ಕರೆಯತೊಡಗಿದರು, ನಗುವಿನ ಬಗೆಯೂ ಬೇರೆಯಾಗಿತ್ತು.

ರಿಟೈರಾಗಿ ವರ್ಷವಾದ ಮೇಲೂ ಅವಳ ತಲೆಯಿಂದ ಅದು ಹೋಗಿರಲಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೇ ನೋಟ್‌ಬುಕ್ ಹರಡಿಕೊಂಡು, "ಬಾಟಲಿ ಅಲ್ಲ ಅಂದ್ರೆ ಮತ್ತೇನು? ನೀರಲ್ಲ, ಟ್ಯೂಬಲ್ಲ..." ಅಂತ ಬೆರಳು ಮಡಿಸಿ ಎಣಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಅವಳು ಕೂಗಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು.

"ಯಾವತ್ತು?"

"ಗುರುವಾರ."

"ಎಷ್ಟು ಹೊತ್ತಿಗೆ?"

"ಹನ್ನೊಂದರ ಟೀ ಆದ್ಮೇಲೆ."

"ಹಿಂದಿನ ಕೋಣೇಲಿ ಯಾವ ಕುರ್ಚಿ ಮೇಲಿತ್ತು?"

ಎಲ್ಲ ಬರೆದುಕೊಂಡಳು. ಕೊನೆಗೆ, "ಅಂದ್ರೆ ಆ ಬಾಟಲಿಯವರದ್ದು ಏನೂ ತಪ್ಪಿರಲಿಲ್ಲ" ಅಂದಳು. ಆಮೇಲೆ ಹತ್ತೊಂಬತ್ತು ದಿನ ನನ್ನ ಜೊತೆ ಮಾತಿಲ್ಲ. ನಾನು ಬಡಿಸಿದ್ದನ್ನು ತಿನ್ನುತ್ತಿದ್ದಳು, ತಟ್ಟೆ ತಾನೇ ತೊಳೆದಿಡುತ್ತಿದ್ದಳು.

ಇಪ್ಪತ್ತನೇ ದಿನ ಬೆಳಿಗ್ಗೆ ಸೀರೆ ಉಟ್ಟು, "ಹೊರಡು" ಅಂದಳು. ಇಬ್ಬರೂ ಲ್ಯಾಬಿಗೆ ಹೋದೆವು. ಅವಳ ಪರೀಕ್ಷೆಗೆ ಸಹಿ ಹಾಕುತ್ತಿದ್ದ ಆ ಹುಡುಗಿಯೇ ಈಗ ಅಲ್ಲಿ ಮುಖ್ಯಸ್ಥೆ. ಎದ್ದು ನಿಂತು ಕೂರಿಸಿದಳು, ನಾದಿನಿ ಬರೆದು ತಂದಿದ್ದ ಕಾಗದವನ್ನು ಎರಡು ಸಲ ಓದಿದಳು. ಅದರಲ್ಲಿ ಸ್ವೆಟರ್ ಅಂತಿತ್ತು, ತಂದವರ ಹೆಸರಿರಲಿಲ್ಲ.

"ಮೇಡಂ, ಆ ಫೈಲು ಹೋದ ವರ್ಷವೇ ವಿಲೇವಾರಿ ಆಗಿದೆ. ಈಗ ಯಾವುದಕ್ಕೆ ಇದನ್ನ ಸೇರಿಸಲಿ?"

"ಯಾವುದಕ್ಕೂ ಆಗಲ್ವಾ?"

"ಆಗಲ್ಲ ಮೇಡಂ. ಇವತ್ತು ಹೊಸಬರು ಒಂಬತ್ತು ಜನ ಬಂದಿದ್ದಾರೆ. ನೀವು ಇದನ್ನ ಅವರಿಗೆ ಹೇಳಿ. ಅಷ್ಟು ಮಾತ್ರ ನನ್ನ ಕೈಲಾಗೋದು."

ಅವರು ತರಬೇತಿ ಕೋಣೆಗೆ ಹೋಗುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ನಾದಿನಿ ಬಾಗಿಲಲ್ಲಿ ನಿಂತು ತಿರುಗಿ ನನ್ನನ್ನು ನೋಡಿದಳು. ಮೆಲ್ಲಗೆ ಕೇಳಿದಳು, "ಆವತ್ತೇ ಹೇಳಿದ್ರೆ ಎಷ್ಟು ಹೊತ್ತು ಬೈತಿದ್ದೆ ನಾನು? ಒಂದು ಗಂಟೆ? ಎರಡು ಗಂಟೆ?"

ಅವಳು ಒಳಗೆ ಹೋದಳು.

ಅವಳ ದನಿ ಹೊರಗಿನ ತನಕ ಕೇಳುತ್ತಿತ್ತು. ಪುಡಿ, ಟ್ಯೂಬು, ಮೂರು ಸಲ ರದ್ದಾದ ಪರೀಕ್ಷೆ, ತಟ್ಟೆಗೆ ಹಾಕದೆ ಉಳಿದದ್ದು, ಬಾಟಲಿಯವರ ಮೇಲೆ ಹೊರಿಸಿದ್ದು, ಎಲ್ಲವನ್ನೂ ಹೇಳಿದಳು. ಯಾರೋ ಒಂದು ಹುಡುಗಿ ಕೇಳಿದಳು, "ಸ್ವೆಟರ್ ಯಾರು ತಂದ್ರು ಮೇಡಂ?"

ಬಾಗಿಲು ತೆರೆದೇ ಇತ್ತು. ನಾನು ಎದ್ದು ಆ ನಾಲ್ಕು ಹೆಜ್ಜೆ ಹಾಕಿ, ನಾನು ಅಂದಿದ್ದರೆ ಸಾಕಿತ್ತು. ಅವಳು ಕಾಯುತ್ತಿದ್ದಳು, ನನಗೆ ಗೊತ್ತಿತ್ತು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದೆ.

"ನಾನೇ" ಅಂದಳು ನಾದಿನಿ. "ನನಗೇ ಚಳಿಯಾಗ್ತಿತ್ತು, ನಾನೇ ತಂದ್ಕೊಂಡೆ."

ಅವಳು ತೀರಿಹೋಗಿ ಎರಡು ವರ್ಷವಾಯಿತು. ಸ್ವೆಟರ್ ತಂದವಳು ನಾನು.